ಹಳೆಯ ಕೆಂಪು ವೈನ್: ಎಷ್ಟು ಕಾಯಬೇಕು, ಎಂದು ತೆರೆಯಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿರುವ ಶಾತೋ ಸೊಸಿಯಾಂದೊ-ಮಾಲೆ ಎಂಬ ತೋಟದ ಕೆಂಪು ವೈನ್ ಮಿತವಾದ ಬೆಲೆಗೆ ದೊರೆತರೂ ದಶಕಗಟ್ಟಲೆ ಬಾಳುತ್ತದೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಒಂದೇ ಪ್ರಶ್ನೆಯನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಈ ತೋಟ ನೀವು ಹೇಳುವಷ್ಟು ಒಳ್ಳೆಯದಾಗಿದ್ದರೆ ಬೋರ್ಡೋದ ತೋಟಗಳಿಗೆ ದರ್ಜೆ ಕೊಟ್ಟ 1855ರ ಪ್ರಸಿದ್ಧ ಪಟ್ಟಿಯಲ್ಲಿ ಅದರ ಹೆಸರೇಕಿಲ್ಲ? ಬೆಲೆ ಕಡಿಮೆಯಿರುವುದರ ಹಿಂದೆ ಏನಾದರೂ ಐಬು ಇರಬಹುದೆ?
– ಓದುಗರು, ಧಾರವಾಡ

ಉತ್ತರ: 1855ರ ಪಟ್ಟಿ ರುಚಿ ನೋಡಿ ಅಂಕ ಕೊಟ್ಟು ಮಾಡಿದ್ದಲ್ಲ. ಮೂರನೆಯ ನೆಪೋಲಿಯನ್ ಕಾಲದಲ್ಲಿ ನಡೆದ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ವೈನ್ ದಲ್ಲಾಳಿಗಳು ಅದನ್ನು ಸಿದ್ಧಪಡಿಸಿದರು. ಯಾವ ತೋಟದ ವೈನಿಗೆ ಪೇಟೆಯಲ್ಲಿ ಎಷ್ಟು ಬೆಲೆ ನಡೆಯುತ್ತಿತ್ತೆಂಬುದೇ ಅವರಿಗೆ ಮುಖ್ಯ ಆಧಾರವಾಗಿತ್ತು. 1973ರಲ್ಲಿ ಮೂತೋಂ-ರಾಥ್‌ಶೀಲ್ಡ್ ತೋಟವನ್ನು ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿಸಿದ್ದನ್ನು ಬಿಟ್ಟರೆ ಆ ಪಟ್ಟಿಯ ದರ್ಜೆಗಳು ಹೆಚ್ಚುಕಡಿಮೆ ಅಂದಿನಂತೆಯೇ ಉಳಿದಿವೆ. ಸೊಸಿಯಾಂದೊ-ಮಾಲೆಗೆ ಈಗಿನ ಖ್ಯಾತಿ ಬಂದದ್ದಾದರೂ 1969ರ ನಂತರ. ಆ ವರ್ಷ ವೈನ್ ವ್ಯಾಪಾರಿ ಝಾಂ ಗೋತ್ರೋ ಅವರು ಪಾಳುಬಿದ್ದಂತಿದ್ದ ಈ ಸಣ್ಣ ತೋಟವನ್ನು ಕೊಂಡು, ವರ್ಷದಿಂದ ವರ್ಷಕ್ಕೆ ಸುತ್ತಲಿನ ಒಳ್ಳೆಯ ನೆಲವನ್ನು ಸೇರಿಸಿಕೊಳ್ಳುತ್ತ ಹೋದರು.

ನೆಲವೇ ಇಲ್ಲಿನ ಆಸ್ತಿ. ತೋಟವಿರುವುದು ಸ್ಯಾಂತ್-ಎಸ್ತೆಫ್‌ಗೆ ಉತ್ತರದ ಸ್ಯಾಂ-ಸೆರ್ಯಾಂ-ದ-ಕಾದೂರ್ನ್ ಎಂಬ ಹಳ್ಳಿಯಲ್ಲಿ, ಜಿರೋಂದ್ ಅಳಿವೆಯ ದಂಡೆಯ ದಿಬ್ಬದ ಮೇಲೆ. ಮೇಲೆ ನೀರನ್ನು ಬೇಗ ಬಸಿದುಬಿಡುವ ಗರಸು, ಕೆಳಗೆ ಬೇಸಗೆಯಲ್ಲೂ ತೇವ ಹಿಡಿದಿಡುವ ಜೇಡಿಮಣ್ಣು. ಅಳಿವೆಯ ಅಗಲವಾದ ನೀರು ವಸಂತದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿಯಿಂದ ಚಿಗುರನ್ನು ಎಷ್ಟೋ ಮಟ್ಟಿಗೆ ಕಾಪಾಡುತ್ತದೆ. ಒಳ್ಳೆಯ ಬಳ್ಳಿಗೆ ನದಿ ಕಾಣಿಸಬೇಕೆಂದು ಆ ಸೀಮೆಯವರು ಹೇಳುವುದುಂಟು; ಲಾತೂರ್ ಮತ್ತು ಮೋಂರೋಜ್ ತೋಟಗಳಿಗೂ ಅದೇ ಅಳಿವೆ ಕಾಣಿಸುತ್ತದೆ. ಆದರೆ ಸೊಸಿಯಾಂದೊವಿನ ಬಾಟಲಿಯ ಚೀಟಿಯ ಮೇಲೆ ಪೋಯಾಕ್, ಸ್ಯಾಂತ್-ಎಸ್ತೆಫ್ ಮುಂತಾದ ಊರುಗಳ ದುಬಾರಿ ಹೆಸರಿಲ್ಲ, ಸುತ್ತಲಿನ ಸೀಮೆಯ ಹೆಸರಾದ ಬರಿಯ ಓ-ಮೆದೊಕ್ ಎಂದಿದೆ. 2003ರಲ್ಲಿ ಕ್ರೂ ಬೂರ್ಜ್ವಾ ತೋಟಗಳ (1855ರ ಪಟ್ಟಿಯ ಹೊರಗಿನ ಮೆದೊಕ್ ತೋಟಗಳಿಗೆ ಕೊಡುವ ದರ್ಜೆ) ಹೊಸ ಪಟ್ಟಿ ತಯಾರಾದಾಗ ಗೋತ್ರೋ ಅರ್ಜಿಯನ್ನೇ ಹಾಕಲಿಲ್ಲ. ಆ ಪಟ್ಟಿಯನ್ನು ನ್ಯಾಯಾಲಯ 2007ರಲ್ಲಿ ರದ್ದುಪಡಿಸಿದ್ದು ಬೇರೆ ಮಾತು.

ಹಾಗಾಗಿ ಐಬೇನಿಲ್ಲ, ಒಂದು ಷರತ್ತು ಮಾತ್ರ ಇದೆ. ಈ ವೈನ್ ಎಳೆಯದಿದ್ದಾಗ ಬಿಗಿ. ಎಳೆ ಅಡಿಕೆಯನ್ನು ಜಗಿದಂತೆ ನಾಲಿಗೆಯನ್ನು ಒಗರಿನಿಂದ ಕಟ್ಟಿಹಾಕುತ್ತದೆ. ಕೊಂಡ ದಿನವೇ ಕುಡಿಯಬೇಕೆನ್ನುವವರು ಇದನ್ನು ಮೆಚ್ಚುವುದಿಲ್ಲ, ಮೆಚ್ಚದವರು ಹೆಚ್ಚಿದ್ದಷ್ಟೂ ಬೆಲೆ ಏರುವುದಿಲ್ಲ. ಮೊದಲ ದರ್ಜೆಯ ತೋಟಗಳ ವೈನಿಗೆ ಇದರ ಹತ್ತು ಪಟ್ಟಿಗೂ ಹೆಚ್ಚು ಹಣ ತೆರಬೇಕು. ಇಲ್ಲಿ ಉಳಿಸಿದ ಹಣಕ್ಕೆ ಬದಲಾಗಿ ವರ್ಷಗಳನ್ನು ಕೊಡಬೇಕು. ಆ ವರ್ಷಗಳನ್ನು ವೈನ್ ಕಳೆಯುವ ಜಾಗ ಸರಿಯಿಲ್ಲದಿದ್ದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ ಎಂಬುದನ್ನು ಮುಂದಿನ ಎರಡು ಉತ್ತರಗಳಲ್ಲಿ ನೋಡಬಹುದು.

ಪ್ರಶ್ನೆ: ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ಮನೆಗೆ ನೆಲಮಾಳಿಗೆಯಿದೆ. ಮಗಳು ಹುಟ್ಟಿದ 2016ರ ಸೊಸಿಯಾಂದೊ-ಮಾಲೆಯನ್ನು ಹನ್ನೆರಡು ಬಾಟಲಿಗಳ ಒಂದು ಪೆಟ್ಟಿಗೆಯಷ್ಟು ಕೊಳ್ಳುವ ಯೋಚನೆಯಿದೆ. ಅವಳ ಇಪ್ಪತ್ತೈದನೆಯ ಹುಟ್ಟುಹಬ್ಬದವರೆಗೆ ಅದು ಉಳಿದೀತೆ?
– ಓದುಗ ದಂಪತಿ, ಐಂಡ್‌ಹೋವನ್

ಉತ್ತರ: ವರ್ಷದ ಆಯ್ಕೆಯಲ್ಲಿ ನಿಮ್ಮ ಮಗಳು ಅದೃಷ್ಟವಂತಳು. 2016ರಲ್ಲಿ ಬೋರ್ಡೋದಲ್ಲಿ ಮೊದಲು ಮಳೆ ಸುರಿದು, ಆಮೇಲೆ ಒಣ ಬೇಸಗೆ ಬಂದು, ಕಾಬರ್ನೆ ಸೋವಿನ್ಯೋಂ ದ್ರಾಕ್ಷಿ ನಿಧಾನವಾಗಿ, ಹುಳಿ ಕಳೆದುಕೊಳ್ಳದೆ ಮಾಗಿತು. ಇದೇ ತೋಟದ 1982, 1990 ಮತ್ತು 1996ರ ವೈನ್‌ಗಳು ಚೆನ್ನಾಗಿ ಕಾಪಿಟ್ಟಲ್ಲಿ ಇಪ್ಪತ್ತೈದು ವರ್ಷ ದಾಟಿದ ಮೇಲೂ ಸೊಗಸಾಗಿದ್ದುದರಿಂದ, 2041ರ ಬಗ್ಗೆ ನಮಗೆ ಅಳುಕಿಲ್ಲ. ಅದೇ 2013ರಂತಹ ಬಡ ವರ್ಷದ್ದಾಗಿದ್ದರೆ ಈ ಮಾತು ಹೇಳುತ್ತಿರಲಿಲ್ಲ.

ಹಣ ಕೊಡುವ ಮೊದಲು ನೆಲಮಾಳಿಗೆಯಲ್ಲಿ ಒಂದು ಬೇಸಗೆಯ ಉದ್ದಕ್ಕೂ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆಯನ್ನು ದಾಖಲಿಸುವ ಥರ್ಮಾಮೀಟರ್ ಇಟ್ಟು ನೋಡಿ. 12ರಿಂದ 14 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಚಳಿಗಾಲದಲ್ಲಿ 10ಕ್ಕೆ ಇಳಿದು ಬೇಸಗೆಯಲ್ಲಿ 18ಕ್ಕೆ ಏರುವ ನಿಧಾನವಾದ ಏರಿಳಿತವನ್ನೂ ವೈನ್ ಸಹಿಸುತ್ತದೆ. ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಎಂಬ ದಿನನಿತ್ಯದ ಹೊಯ್ದಾಟ ಮಾತ್ರ ಕೂಡದು. ಐರೋಪ್ಯ ಮನೆಗಳ ನೆಲಮಾಳಿಗೆಯಲ್ಲಿ ಬಾಯ್ಲರ್, ಬಟ್ಟೆ ಒಗೆಯುವ ಯಂತ್ರ, ಬಣ್ಣದ ಡಬ್ಬಿಗಳು, ಈರುಳ್ಳಿ ಮೂಟೆ ಎಲ್ಲವೂ ಇರುತ್ತವೆ. ಶಾಖ, ಕಂಪನ ಮತ್ತು ಕಟುವಾಸನೆ ಮೂರರಿಂದಲೂ ಪೆಟ್ಟಿಗೆಯನ್ನು ದೂರವಿಟ್ಟು, ಬಿರಡೆ ಒಣಗದಂತೆ ಬಾಟಲಿಗಳನ್ನು ಮಲಗಿಸಿಡಿ. ಗಾಳಿಯ ತೇವಾಂಶ ಶೇಕಡ 60ರಿಂದ 75ರಷ್ಟಿದ್ದರೆ ಸಾಕು. ಚೀಟಿಯ ಮೇಲೆ ಬೂಷ್ಟು ಬಂದರೆ ಒಳಗಿನ ವೈನಿಗೆ ಏನೂ ಆಗುವುದಿಲ್ಲ.

ಮೊದಲ ಬಾಟಲಿಯನ್ನು ದ್ರಾಕ್ಷಿ ಕೊಯ್ದ ವರ್ಷದಿಂದ ಹತ್ತು ವರ್ಷವಾದ ಮೇಲೆ ತೆರೆಯಿರಿ, ಅನಂತರ ಎರಡು ವರ್ಷಕ್ಕೊಂದರಂತೆ ನೋಡುತ್ತ ಬನ್ನಿ, ಅರ್ಧ ಪೆಟ್ಟಿಗೆಯನ್ನಾದರೂ ಇಪ್ಪತ್ತು ವರ್ಷ ಕಳೆಯುವವರೆಗೆ ಮುಟ್ಟಬೇಡಿ. ನಡುವೆ ಒಂದು ಬಾಟಲಿ ಮಂಕಾಗಿ ಕಂಡರೆ ಗಾಬರಿಯಾಗುವುದು ಬೇಡ. ಎಳೆಯ ಹಣ್ಣಿನ ಪರಿಮಳ ಹಿಂದೆ ಸರಿದು, ಮಾಗಿದ ಪರಿಮಳ ಇನ್ನೂ ಮೂಡದೆ, ಒಗರು ಮಾತ್ರ ಮುಂದೆ ನಿಂತಿರುವ ಇಂಥ ಕಾಲ ಈ ಜಾತಿಯ ವೈನ್‌ಗಳಲ್ಲಿ ಸಾಮಾನ್ಯ. ಕೈಗೆ ಎಟುಕುವುದಾದರೆ ಹುಟ್ಟುಹಬ್ಬಕ್ಕೆಂದೇ ಒಂದೂವರೆ ಲೀಟರಿನ ಮ್ಯಾಗ್ನಮ್ ಬಾಟಲಿ ಕೊಳ್ಳಿ. ಬಿರಡೆಯ ಕೆಳಗಿನ ಗಾಳಿ ಸುಮಾರು ಅಷ್ಟೇ ಇದ್ದು ವೈನ್ ಎರಡರಷ್ಟಿರುವುದರಿಂದ ಅದು ಇನ್ನೂ ನಿಧಾನವಾಗಿ ಮಾಗುತ್ತದೆ.

ಪ್ರಶ್ನೆ: ಫ್ರಾನ್ಸಿನಲ್ಲಿರುವ ಅಣ್ಣನ ಮಗ ಇದೇ ತೋಟದ 2010ರ ಎರಡು ಬಾಟಲಿ ತಂದುಕೊಟ್ಟು, "ಚಿಕ್ಕಪ್ಪ, ಇನ್ನೂ ಹತ್ತು ವರ್ಷ ಇಡಿ" ಎಂದು ಹೇಳಿ ಹೋಗಿದ್ದಾನೆ. ಈಗ ಅಡುಗೆಮನೆಯ ಅಟ್ಟದ ಮೇಲಿಟ್ಟಿದ್ದೇನೆ. ಫ್ರಿಜ್ಜಿಗೆ ಹಾಕಬೇಕೆ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಈ ಪುಟವನ್ನು ಓದಿ ಮುಗಿಸುವ ಮೊದಲೇ ಅವನ್ನು ಅಟ್ಟದಿಂದ ಇಳಿಸಿ. ಮನೆಯ ಶಾಖವೆಲ್ಲ ಸೇರುವುದು ಅಲ್ಲಿ, ಒಲೆಯ ಶಾಖವೂ ಅಲ್ಲಿಗೇ. ಬೆಂಗಳೂರಿನ ಬೇಸಗೆಯಲ್ಲಿ ಹೊರಗೆ 35 ಡಿಗ್ರಿ ಮುಟ್ಟುವ ದಿನಗಳಲ್ಲಿ ಅಟ್ಟದ ಮೇಲಿನ ಬಾಟಲಿ ಬೇಗ ಮಾಗುವುದಿಲ್ಲ, ಬೇಯುತ್ತದೆ: ಹಣ್ಣಿನ ಪರಿಮಳ ಕಾಯಿಸಿದ ಜಾಮಿನ ವಾಸನೆಗೆ ತಿರುಗುತ್ತದೆ. ಅಲ್ಲದೆ ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ನೂಕುತ್ತದೆ. ತಣಿದು ಕುಗ್ಗುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ವೈನಿನ ಮಟ್ಟ ಕತ್ತಿನಲ್ಲೇ ಇದ್ದರೆ ಚಿಂತೆಯಿಲ್ಲ, ಭುಜಕ್ಕೆ ಇಳಿದಿದ್ದರೆ ಅನುಮಾನಪಡಬೇಕು. ಮೇಲಿನ ತಗಡಿನ ಮುಚ್ಚಿಗೆಯ ಅಂಚಿನಲ್ಲಿ ಅಂಟಂಟಾದ ಗೆರೆ ಇದ್ದರೆ ಅಥವಾ ಬಿರಡೆ ಉಬ್ಬಿ ಮುಚ್ಚಿಗೆಯನ್ನು ಎತ್ತಿದ್ದರೆ ವೈನ್ ಆಗಲೇ ಸೋರಿದೆ ಎಂದರ್ಥ.

ಮನೆಯ ಫ್ರಿಜ್ಜು ಕೆಲವು ವಾರಗಳ ಮಟ್ಟಿಗೆ ಅಡ್ಡಿಯಿಲ್ಲ, ವರ್ಷಗಳಿಗೆ ಸಲ್ಲದು. 4 ಡಿಗ್ರಿಯಲ್ಲಿ ಮಾಗುವಿಕೆ ಬಹುತೇಕ ನಿಂತೇ ಹೋಗುತ್ತದೆ, ಒಣ ಗಾಳಿಗೆ ಬಿರಡೆ ಸೊರಗುತ್ತದೆ. ವೈನಿಗೆಂದೇ ಮಾಡಿದ, 13 ಡಿಗ್ರಿಗೆ ಹೊಂದಿಸಬಹುದಾದ ಕಪಾಟು ಸರಿಯಾದ ಉತ್ತರ. ಒಂದೆರಡು ಗಂಟೆ ಕರೆಂಟು ಹೋದರೆ ಒಳಗಿನ ಬಾಟಲಿಗಳಿಗೆ ಗೊತ್ತೂ ಆಗುವುದಿಲ್ಲ. ಊರಿಗೆ ಹೋಗುವಾಗ ಮೇನ್ ಸ್ವಿಚ್ ಆರಿಸುವ ಅಭ್ಯಾಸವಿದ್ದರೆ ಮಾತ್ರ ತೊಂದರೆ. ಆದರೆ ಎರಡು ಬಾಟಲಿಗಾಗಿ ಬಾಟಲಿಗಳಿಗಿಂತ ದುಬಾರಿಯಾದ ಯಂತ್ರ ಕೊಳ್ಳುವುದು ನಮಗೆ ಸರಿಕಾಣುವುದಿಲ್ಲ. ಹೊರಗೋಡೆಗೆ ತಾಗದ ಕೋಣೆಯ ಬೀರುವಿನ ತಳಖಾನೆಯಲ್ಲಿ ಅವನ್ನು ಮಲಗಿಸಿ, ಒಂದನ್ನು ಬರುವ ಡಿಸೆಂಬರ್ ಚಳಿಯಲ್ಲಿ, ಇನ್ನೊಂದನ್ನು ಅದರ ಹಿಂದೆಯೇ ಕುಡಿದುಬಿಡಿ. 2010 ಬಿಗಿಯಾದ ವರ್ಷ, ಇನ್ನೂ ಕಾದರೆ ಮೇಲೆಂಬ ಹುಡುಗನ ಮಾತು ಸುಳ್ಳಲ್ಲ. ಅದು ಫ್ರಾನ್ಸಿನ ನೆಲಮಾಳಿಗೆಗೆ ಹೇಳಿದ ಮಾತು. ಮಂಗಳೂರು, ಕಾರವಾರದಿಂದ ಇದೇ ಪ್ರಶ್ನೆ ಕೇಳಿದವರಿಗಂತೂ ಯಂತ್ರವಿಲ್ಲದೆ ಒಂದು ಬೇಸಗೆಯನ್ನೂ ದಾಟಿಸಬೇಡಿರೆಂದೇ ನಮ್ಮ ಸಲಹೆ.

ಇನ್ನು ಮುಂದೆ ಹೀಗೆ ಮಾಡಬಹುದು: ಕೊಂಡ ವೈನ್ ಅಣ್ಣನ ಮಗನಲ್ಲೇ ಮಾಗಲಿ, ಹದವಾದ ಮೇಲೆ ಊರಿಗೆ ಬರುವಾಗ ತರಲಿ. ವಿದೇಶದಿಂದ ಬರುವ ಪ್ರಯಾಣಿಕರು ಎರಡು ಲೀಟರ್‌ವರೆಗೆ ಮದ್ಯವನ್ನು ಸುಂಕವಿಲ್ಲದೆ ತರಬಹುದಾದ್ದರಿಂದ 750 ಮಿಲಿಲೀಟರಿನ ಎರಡು ಬಾಟಲಿಗೆ ಅಡ್ಡಿಯಿಲ್ಲ. ಪ್ರಯಾಣದಲ್ಲಿ ಗಸಿ ಕದಡಿರುತ್ತದೆ. ಎರಡು ವಾರ ಅಲುಗಾಡಿಸದೆ ಇಟ್ಟ ನಂತರವೇ ತೆರೆಯಬೇಕು.

ಪ್ರಶ್ನೆ: ಸ್ನೇಹಿತರ ಮನೆಯಲ್ಲಿ ಇದೇ ತೋಟದ 1996ರ ಬಾಟಲಿಯೊಂದನ್ನು ತೆರೆದೆವು. ಬಿರಡೆ ಅರ್ಧಕ್ಕೆ ಮುರಿಯಿತು, ತಳದಲ್ಲಿ ಕಪ್ಪು ಗಸಿ ಕಂಡಿತು, ಬಣ್ಣ ಇಟ್ಟಿಗೆ ಕೆಂಪಾಗಿತ್ತು, ದೊಣ್ಣೆಮೆಣಸಿನಕಾಯಿಯ ವಾಸನೆಯೂ ಬಂತು. ವೈನ್ ಕೆಟ್ಟಿತ್ತೆ?
– ಓದುಗರು, ಮೈಸೂರು

ಉತ್ತರ: ನೀವು ಹೇಳಿದ ನಾಲ್ಕರಲ್ಲಿ ಒಂದೂ ಕೆಟ್ಟದ್ದರ ಗುರುತಲ್ಲ. ದ್ರಾಕ್ಷಿಯ ಸಿಪ್ಪೆಯ ಬಣ್ಣದ ಅಂಶಗಳೂ ಒಗರು ಕೊಡುವ ಟ್ಯಾನಿನ್‌ಗಳೂ ವರ್ಷಗಳು ಕಳೆದಂತೆ ಒಂದಕ್ಕೊಂದು ಹೆಣೆದುಕೊಂಡು, ಭಾರವಾಗಿ ತಳಕ್ಕೆ ಇಳಿಯುತ್ತವೆ. ಗಸಿ ಹೆಚ್ಚಿದಂತೆ ಬಣ್ಣ ತಿಳಿಯಾಗುವುದೂ ನಾಲಿಗೆಯ ಮೇಲಿನ ಒಗರು ನಯವಾಗುವುದೂ ಇದರಿಂದಲೇ. ದೊಣ್ಣೆಮೆಣಸಿನಕಾಯಿಯ ವಾಸನೆ ಬರುವುದು ಪೈರಜೀನ್ ಎಂಬ ಅಂಶದಿಂದ. ಅದು ಕಾಬರ್ನೆ ದ್ರಾಕ್ಷಿಯಲ್ಲೂ ಇದೆ, ಆ ತರಕಾರಿಯಲ್ಲೂ ಇದೆ. ತಂಪಾದ ಉತ್ತರ ಮೆದೊಕ್‌ನಲ್ಲಿ ಬೆಳೆದ ಈ ವೈನಿನಲ್ಲಿ ಅದರ ಎಳೆಯೊಂದು ಇದ್ದೇ ಇರುತ್ತದೆ. ಕೆಲವರು ಅದನ್ನು ದೋಷವೆನ್ನುತ್ತಾರೆ, ನಾವು ಅದನ್ನೇ ಹುಡುಕಿಕೊಂಡು ಹೋಗುತ್ತೇವೆ.

ನಿಜವಾಗಿ ಕೆಟ್ಟ ವೈನಿನ ವಾಸನೆಗಳು ಬೇರೆ. ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯಲ್ಲಿದ್ದ ಟಿಸಿಎ ಎಂಬ ವಸ್ತು ವೈನಿಗೆ ಸೇರಿದೆ. ಕೊಯ್ದಿಟ್ಟು ಕಂದಿದ ಸೇಬಿನ ವಾಸನೆಯಾದರೆ ಗಾಳಿ ತಾಗಿದೆ. ವಿನೆಗರ್ ವಾಸನೆಯನ್ನು ವಿವರಿಸಬೇಕಿಲ್ಲ. ಹಳೆಯ ಬಾಟಲಿಯಲ್ಲಿ ಮೊದಲಿಗೆ ಮುಗ್ಗಲು ವಾಸನೆ ಬಂದರೆ ಹತ್ತು ಹದಿನೈದು ನಿಮಿಷ ಕಾಯಿರಿ. ಬರಿಯ ಮುಗ್ಗಲಾದರೆ ಹಾರಿಹೋಗುತ್ತದೆ, ರಟ್ಟಿನ ವಾಸನೆಯಾದರೆ ಹೆಚ್ಚುತ್ತ ಹೋಗುತ್ತದೆ.

ಮುಂದಿನ ಸಲ ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಹಳೆಯ ಬಿರಡೆಗೆ ತಿರುಪು ಚುಚ್ಚುವುದಕ್ಕಿಂತ, ಬಿರಡೆಗೂ ಗಾಜಿಗೂ ನಡುವೆ ಎರಡು ತೆಳು ಅಲಗುಗಳನ್ನು ಇಳಿಸಿ ತಿರುಗಿಸುತ್ತ ಎಳೆಯುವ ಸಾಧನ ಮೇಲು. ಹಾಗಿದ್ದೂ ಮುರಿದರೆ ಚೂರನ್ನು ಒಳಗೆ ನೂಕಿ, ಸಣ್ಣ ಕಣ್ಣಿನ ಜಾಲರಿಯಲ್ಲಿ ಸೋಸಿಕೊಳ್ಳಿ. ಬಾಟಲಿಯ ಕತ್ತಿನ ಹಿಂದೆ ಮೊಬೈಲಿನ ಟಾರ್ಚ್ ಹಚ್ಚಿಟ್ಟು, ಕೈ ತಡೆಯದೆ ಒಂದೇ ಧಾರೆಯಾಗಿ ಬೇರೆ ಪಾತ್ರೆಗೆ ಬಗ್ಗಿಸುತ್ತ ಬನ್ನಿ. ಕೊನೆಯಲ್ಲಿ ಹೊಗೆಯೆಳೆಯಂತಹ ಕಪ್ಪು ಗೆರೆ ಭುಜದಿಂದ ಕತ್ತಿನ ಕಡೆ ತೆವಳಿ ಬರುವುದು ಕಾಣುತ್ತದೆ, ಆಗ ನಿಲ್ಲಿಸಬೇಕು. ಎಳೆಯ ವೈನಿಗೆ ಎರಡು ಗಂಟೆ ಗಾಳಿ ಬೇಕಾದರೂ ಇಷ್ಟು ಹಳೆಯದನ್ನು ಬಗ್ಗಿಸಿದ ಕೂಡಲೇ ಲೋಟಕ್ಕೆ ಹಾಕಬೇಕು, ಇಲ್ಲದಿದ್ದರೆ ಪರಿಮಳ ಪಾತ್ರೆಯಲ್ಲೇ ಕರಗುತ್ತದೆ. ಕುಡಿಯಲು 16ರಿಂದ 18 ಡಿಗ್ರಿ ಹಿತ. ನಮ್ಮ ಕೋಣೆಗಳು ಅದಕ್ಕಿಂತ ಬೆಚ್ಚಗಿರುವುದರಿಂದ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಸ್ವಲ್ಪ ಸ್ವಲ್ಪವೇ ಹಾಕಿಕೊಂಡು ಒಂದು ಗಂಟೆಯವರೆಗೆ ಆಗಾಗ ಮೂಸಿದರೆ, ಕಪ್ಪು ದ್ರಾಕ್ಷಿಯ ಪರಿಮಳದ ಕೆಳಗಿನಿಂದ ದೇವದಾರು, ಹೊಗೆಸೊಪ್ಪು, ಕೆತ್ತಿದ ಪೆನ್ಸಿಲ್, ಮಳೆ ಬಿದ್ದ ಕಾಡಿನ ನೆಲ ಒಂದೊಂದಾಗಿ ಮೇಲೆ ಬರುತ್ತವೆ.

ಪ್ರಶ್ನೆ: ಬೆಂಗಳೂರು ಬ್ಲೂ ದ್ರಾಕ್ಷಿಯ ವೈನನ್ನೂ ಹೀಗೆ ವರ್ಷಗಟ್ಟಲೆ ಇಡಬಹುದೆ?
– ಓದುಗರು, ದೊಡ್ಡಬಳ್ಳಾಪುರ

ಉತ್ತರ: ಬೇಡ. ಆ ದ್ರಾಕ್ಷಿಯ ಸೊಗಸೆಲ್ಲ ಅದರ ಹಸಿ ಪರಿಮಳದಲ್ಲಿದೆ. ತಣ್ಣಗೆ ಮಾಡಿ ವರ್ಷದೊಳಗೆ ಕುಡಿಯಿರಿ. ನಂದಿ ಬೆಟ್ಟದ ತಪ್ಪಲಿನ ಕಾಬರ್ನೆ, ಶಿರಾಜ್ ವೈನ್‌ಗಳಲ್ಲಿ ಓಕ್ ಪೀಪಾಯಿಯಲ್ಲಿ ಮಾಗಿಸಿದವು ಕೆಲವು ವರ್ಷ ತಾಳಬಲ್ಲವು, ತಂಪಾದ ಜಾಗ ಸಿಕ್ಕರೆ ಮಾತ್ರ.

ಪ್ರಶ್ನೆ: ಹಳೆಯ ವೈನ್ ಅರ್ಧ ಬಾಟಲಿ ಮಿಕ್ಕರೆ ಏನು ಮಾಡುವುದು? ತಳದ ಗಸಿಯನ್ನು ಅಡುಗೆಗೆ ಬಳಸಬಹುದೆ?
– ಓದುಗರು, ಮಡಿಕೇರಿ

ಉತ್ತರ: ಮಿಕ್ಕಿದ್ದನ್ನು ಸಣ್ಣ ಬಾಟಲಿಗೆ ಕಂಠಮಟ್ಟ ತುಂಬಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿ, ಮೂರನೆಯ ದಿನಕ್ಕೆ ಅದರಲ್ಲಿ ಹುಳಿಯ ಹೊರತು ಏನೂ ಉಳಿದಿರುವುದಿಲ್ಲ. ಗಸಿಯಲ್ಲಿ ವಿಷವೇನಿಲ್ಲ, ಕಹಿಯಿದೆ. ತೆಳು ಬಟ್ಟೆಯಲ್ಲಿ ಸೋಸಿ, ಈರುಳ್ಳಿ ಮತ್ತು ಕಾಳುಮೆಣಸಷ್ಟೇ ಹಾಕಿ ಬೇಯಿಸುವ ಮಟನ್‌ಗೆ ಸೇರಿಸಬಹುದು. ನಿಮ್ಮ ಕಡೆಯ ಪಂದಿ ಕರಿಗೆ ಮಾತ್ರ ಬೇಡ, ಕಾಚಂಪುಳಿಯ ಮುಂದೆ ಇದು ಹಾಕಿದ್ದೂ ಗೊತ್ತಾಗುವುದಿಲ್ಲ.