ಶನಿವಾರ ಅಜ್ಜಿ ಅಲ್ಲೇ ಯಾಕೆ ತಿರುಗುತ್ತಾರೆ?

ಪ್ರಶ್ನೆ: ನಮ್ಮ ಅಕ್ಕನ ಮಗಳು ಇಸ್ರೇಲಿನ ಸಣ್ಣ ಊರೊಂದರಲ್ಲಿ ಯಹೂದಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಾಳೆ. ಶನಿವಾರ ವಾಕಿಂಗ್ ಹೋದರೆ ಅಜ್ಜಿ ಊರಾಚೆ ಒಂದು ಜಾಗಕ್ಕೆ ಬಂದು ವಾಪಸ್ ತಿರುಗುತ್ತಾರಂತೆ. ಅಲ್ಲಿ ಗೇಟೂ ಇಲ್ಲ, ಕಲ್ಲೂ ಇಲ್ಲ. ಅದು ಯಾವ ಗಡಿ ಸಾರ್? ಅಳೆದವರು ಯಾರು?
— ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ಪತ್ರ ನೋಡಿ ಬಹಳ ಖುಷಿಯಾಯಿತು. ನಾನು ಮೂವತ್ತು ವರ್ಷ ಸರ್ವೆ ಕೆಲಸದಲ್ಲಿ ಚೈನ್ ಎಳೆದವನು. ಯಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್‌ನ 'ಎರುವಿನ್' ಭಾಗವನ್ನು ಓದಲು ಹಿಡಿದಿದ್ದೇ ಅದರಲ್ಲಿ ಬರುವ ಒಂದು ಹಗ್ಗಕ್ಕಾಗಿ.

ಆ ಗಡಿಗೆ 'ತೆಹೂಮ್' ಎನ್ನುತ್ತಾರೆ. ಸಬ್ಬತ್ ದಿನ (ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗಿನ ವಿಶ್ರಾಂತಿಯ ದಿನ) ಊರಿನ ಅಂಚಿನಿಂದ 2000 ಮೊಳ, ಅಂದರೆ ಸುಮಾರು ಒಂದು ಕಿಲೋಮೀಟರ್ ದಾಟಬಾರದು. ಊರೊಳಗೆ ಎಷ್ಟು ನಡೆದರೂ ಲೆಕ್ಕವಿಲ್ಲ. ಹಾಗಾಗಿ ಊರು ಎಲ್ಲಿಗೆ ಮುಗಿಯಿತು ಅನ್ನೋದೇ ದೊಡ್ಡ ಮಾತು. ಕೊನೆಯ ಮನೆಯಿಂದ 70 ಮೊಳ ಚಿಲ್ಲರೆಯೊಳಗೆ ಇನ್ನೊಂದು ಮನೆ ಇದ್ದರೆ ಅದೂ ಊರಿಗೇ ಸೇರಿತು. 5000 ಚದರ ಮೊಳದ ಚೌಕದ ಒಂದು ಬದಿ ಅಷ್ಟು ಬರುತ್ತದೆ. ನಮ್ಮ ಗುಂಟೆಯೂ 33 ಅಡಿ ಚೈನಿನ ಚೌಕವೇ ಅಲ್ವಾ, ಹಾಗೆ. ಊರು ದುಂಡಗಿದ್ದರೆ ಸುತ್ತ ಚೌಕ ಕಟ್ಟಿ ಅಲ್ಲಿಂದ ಅಳೆಯಬೇಕು. ಮೂಲೆಗಳಲ್ಲಿ ಜಾಗ ಜಾಸ್ತಿ ಸಿಗುತ್ತದೆ.

ಇನ್ನು ಹಗ್ಗ. ಅದು 50 ಮೊಳದ್ದೇ ಆಗಬೇಕು. ಗಿಡ್ಡವಾದರೆ ಎಳೆದಾಗ ಹಿಗ್ಗುತ್ತದೆ, ಉದ್ದವಾದರೆ ನಡುವೆ ಜೋತು ಬೀಳುತ್ತದೆ. ಇಬ್ಬರೂ ಎದೆಯ ಮಟ್ಟಕ್ಕೇ ಹಿಡಿಯಬೇಕು. ಅಳೆಯಲಿಕ್ಕೆ ಕಬ್ಬಿಣದ ಸರಪಳಿಯೇ ಎಲ್ಲಕ್ಕಿಂತ ಒಳ್ಳೆಯದು, ಆದರೆ ಪ್ರವಾದಿ ಜೆಕರ್ಯನ ಮಾತಿನಲ್ಲಿ ಅಳತೆಯ ಹಗ್ಗ ಎಂದಿದೆಯಲ್ಲ, ಏನು ಮಾಡೋಣ ಎನ್ನುತ್ತಾರೆ ಅದರಲ್ಲಿ ಬರುವ ಧರ್ಮಗುರು ರಬ್ಬಿ ಯೆಹೋಶುವ ಬೆನ್ ಹನನ್ಯ. ಸುಮಾರು 1900 ವರ್ಷದ ಹಿಂದಿನವರು! ದಾಟಿ ಅಳೆಯಲಾಗದ ಗುಡ್ಡ ಬಂದರೆ 4 ಮೊಳದ ಹಗ್ಗ. ಕೆಳಗಿನವನು ಎದೆಗೆ ಹಿಡಿಯುತ್ತಾನೆ, ಮೇಲಿನವನು ಕಾಲ ಬುಡಕ್ಕೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋದರೆ ಇಳಿಜಾರಿನ ಉದ್ದ ಬರುವುದಿಲ್ಲ, ಮಟ್ಟಸ ದೂರ ಬರುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ನಾವೂ ಹೀಗೇ ಅಳೆದಿದ್ದೇವೆ. ಆ ಸಾಲು ಸಿಕ್ಕ ದಿನ ನನ್ನ ಜೊತೆ ಚೈನ್ ಹಿಡಿಯುತ್ತಿದ್ದ ಹಳೆಯ ಗೆಳೆಯನಿಗೆ ಫೋನ್ ಮಾಡಿ ಓದಿ ಹೇಳಿದೆ.

ಇಷ್ಟು ಬಿಗಿಯಾಗಿ ಅಳೆದವರು ಜನರ ವಿಷಯಕ್ಕೆ ಬಂದಾಗ ಎಷ್ಟು ಮೆತ್ತಗಾಗಿದ್ದಾರೆ ನೋಡಿ. ಇಬ್ಬರ ಅಳತೆಯಲ್ಲಿ ವ್ಯತ್ಯಾಸ ಬಂದರೆ ದೂರದ್ದನ್ನೇ ಹಿಡಿಯಬೇಕು. ಮನೆಯ ದಾಸ, ದಾಸಿ 'ಗಡಿ ಇಲ್ಲಿವರೆಗೆ' ಎಂದರೂ ನಂಬಬೇಕು. ಈ ಮಾತು ಕಷ್ಟ ಕೊಡಲಿಕ್ಕಲ್ಲ, ಸಲೀಸು ಮಾಡಲಿಕ್ಕೆ ಎಂದು ತಾಲ್ಮುದ್ಗೆ ಮೂಲವಾದ ಮಿಷ್ನಾದಲ್ಲೇ ಇದೆ. ಅಜ್ಜಿಗೂ ಯಾರೋ ಹಿರಿಯರು ಹಾಗೇ ತೋರಿಸಿಕೊಟ್ಟಿರಬಹುದು. ಕಲ್ಲು ನೆಡಲೇಬೇಕೆಂದಿಲ್ಲ.

ಸಾವಿನ ಮನೆಗೋ ಮದುವೆಗೋ ಇನ್ನೂ ಮುಂದೆ ಹೋಗಬೇಕಾದರೆ ದಾರಿ ಇದೆ. ಶುಕ್ರವಾರ ಕತ್ತಲಾಗುವ ಮೊದಲು ಗಡಿಯೊಳಗೆ ಒಂದು ಕಡೆ ಎರಡು ಹೊತ್ತಿನ ಬುತ್ತಿ ಇಟ್ಟು ಬರಬೇಕು. ಆಗ ಆ ಜಾಗವೇ ಮನೆ ಎಂದು ಲೆಕ್ಕ. ಅಲ್ಲಿಂದ ಮತ್ತೆ 2000 ಮೊಳ. ಆದರೆ ಆ ಕಡೆ ಎಷ್ಟು ಸಿಕ್ಕಿತೋ ಈ ಕಡೆ ಅಷ್ಟು ಕಡಿಮೆಯಾಗುತ್ತದೆ. ಅಜ್ಜಿ ಎಂದಾದರೂ ಶುಕ್ರವಾರ ಬುತ್ತಿ ಕಟ್ಟಿಕೊಡು ಎಂದರೆ, ಮರುದಿನ ಯಾವ ಕಡೆ ಹೋಗುವುದು ಎಂದು ನಿಮ್ಮ ಅಕ್ಕನ ಮಗಳು ಮೊದಲೇ ಕೇಳಿಕೊಳ್ಳಲಿ.