ಮಾಟುಂಗದ ಅಜ್ಜಿಯ ವಜ್ರದ ಉಂಗುರ: ಒಳಗೆ ಕಿರೀಟ, 18, ಲಂಗರು, ಒಂದು ಅಕ್ಷರ ಇದೆ. ಎಷ್ಟು ಹಳೆಯದು, ಎಲ್ಲಿಯದು?

ಲಂಗರು ಅಂದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಚಿನ್ನದ ಪರೀಕ್ಷೆ ಆಗಿದೆ ಅಂತ. ಕಿರೀಟ ಮತ್ತು 18 ಸೇರಿದರೆ 18 ಕ್ಯಾರಟ್. ವರ್ಷ ಹೇಳುವುದು ಆ ಒಂಟಿ ಅಕ್ಷರ. ಆದರೆ ಅದೇ ಅಕ್ಷರ ಹಲವು ವರ್ಷಗಳ ನಂತರ ಮತ್ತೆ ಬರುತ್ತದೆ. ಹಾಗಾಗಿ ಅಕ್ಷರದ ಶೈಲಿ, ಸುತ್ತಲಿನ ಚೌಕಟ್ಟು ಎರಡನ್ನೂ ಬರ್ಮಿಂಗ್‌ಹ್ಯಾಮ್‌ನ ವರ್ಷದ ಅಕ್ಷರಗಳ ಪಟ್ಟಿಯ ಜೊತೆ ಹೋಲಿಸಿ.

ದಯವಿಟ್ಟು ಮೊದಲು ಪಾಲಿಶ್ ಮಾಡಿಸಬೇಡಿ! ನಮ್ಮ ಚಿಕ್ಕಮ್ಮನ ಉಂಗುರವನ್ನು ದಾದರ್‌ನ ಒಂದು ಅಂಗಡಿಯಲ್ಲಿ ಸುಮ್ನೆ ಹೊಳಪಿಗೆ ಕೊಟ್ಟೆವು. ಅಕ್ಷರವೇ ಸವೆದುಹೋಯಿತು. ಇವತ್ತಿಗೂ ಬೇಜಾರು.

ಈಗ ಕಲ್ಲು. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನೇರ ಮೇಲಿನಿಂದ ನೋಡಿ. ನಟ್ಟ ನಡುವೆ ಪುಟ್ಟ ಕಿಂಡಿಯಂಥ ವೃತ್ತ ಕಾಣುತ್ತದಾ? ಅದು ಕಲ್ಲಿನ ಕೆಳತುದಿಯನ್ನು ಚಪ್ಪಟೆಯಾಗಿ ಕತ್ತರಿಸಿದ ಗುರುತು. ಜೊತೆಗೆ ಅಂಚು ಸ್ವಲ್ಪ ಚೌಕವಾಗಿ, ದಿಂಬಿನ ಹಾಗಿದ್ದರೆ ಓಲ್ಡ್ ಮೈನ್ ಕಟ್, ಹೆಚ್ಚಾಗಿ 19ನೇ ಶತಮಾನದ್ದು. ದುಂಡಗಿದ್ದರೆ ಓಲ್ಡ್ ಯುರೋಪಿಯನ್ ಕಟ್. ಈಗಿನ ಬ್ರಿಲಿಯಂಟ್ ಕಟ್‌ನ ಲೆಕ್ಕಾಚಾರವನ್ನು ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ ಪ್ರಕಟಿಸಿದ್ದು 1919ರಲ್ಲಿ.

ಆದರೆ ಕಲ್ಲು ಒಂದು ಕಾಲದ್ದು, ಕಟ್ಟು ಇನ್ನೊಂದು ಕಾಲದ್ದು ಇರಬಹುದು. ಹಳೇ ಕಲ್ಲನ್ನು ಹೊಸ ಉಂಗುರಕ್ಕೆ ಕೂರಿಸುವುದು ನಮ್ಮ ಮನೆಗಳಲ್ಲೂ ಇದೆ ಅಲ್ವಾ? ಒಳಗಿನ ಗುರುತು ಹೇಳುವುದು ಉಂಗುರದ ಚಿನ್ನ ಪರೀಕ್ಷೆಯಾದ ಊರನ್ನು, ವಜ್ರದ ಗಣಿಯನ್ನಲ್ಲ. ಝವೇರಿ ಬಜಾರ್‌ನಲ್ಲಿ ಯಾರಾದರೂ ಬರೀ ಕಣ್ಣಲ್ಲಿ ನೋಡಿ "ಗೋಲ್ಕೊಂಡ ಗಣಿಯದು" ಅಂದರೆ ನಂಬಬೇಡಿ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಕಡೆ ವಜ್ರ ಪರೀಕ್ಷಿಸುವ ಲ್ಯಾಬ್‌ಗಳಿವೆ, ಕಲ್ಲನ್ನು ಅಲ್ಲಿ ತೋರಿಸಿ.