ಲಕ್ಷಣಗಳ ಪಟ್ಟಿ ಬಾಯಿಗೆ ಬರುತ್ತೆ, ಕೇಸ್ ಅರ್ಥ ಆಗ್ತಿಲ್ಲ: ಪ್ರತಿಕ್ರಿಯೆ

ಎಂಎಸ್ಸಿ ಕೌನ್ಸೆಲಿಂಗ್ ಎರಡನೇ ವರ್ಷ, ಮಾನಸಿಕ ಕಾಯಿಲೆಗಳ ಲಕ್ಷಣ ಪಟ್ಟಿ ಮಾಡುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಬಾಯಿಪಾಠ ಆಗಿದೆ, ಆದರೂ ಕೇಸ್ ಕೊಟ್ಟರೆ ಖಿನ್ನತೆಯೋ ಆತಂಕವೋ ತಿಳಿಯಲ್ಲ ಅಂದಿರಿ. ಎರಡೂ ಒಟ್ಟಿಗೆ ಇರಬಹುದು, ಅಲ್ವಾ?

ಹೆಸರಿಡುವ ಆತುರ ಬಿಡಿ. ಯಾವಾಗ ಶುರುವಾಯಿತು, ಮೊದಲು ಯಾವುದು ಬಂತು, ನಡುವೆ ಚೆನ್ನಾಗಿದ್ದ ದಿನಗಳಿದ್ದವಾ ಅಂತ ಕೇಳಿ ಬರೆದುಕೊಳ್ಳಿ. ಖಿನ್ನತೆಗೆ 2 ವಾರ, 9ರಲ್ಲಿ 5 ಲಕ್ಷಣ ಸರಿ. ಆದರೆ ಆ ಐದರಲ್ಲಿ ಬೇಸರ ಅಥವಾ ಆಸಕ್ತಿ ಕಳೆದುಕೊಂಡಿರುವುದು ಇರಲೇಬೇಕು. ನಮ್ಮಲ್ಲಿ ಎಷ್ಟೋ ಜನ ಬೇಜಾರು ಅನ್ನುವುದೇ ಇಲ್ಲ. ತಲೆ ಭಾರ, ಮೈಕೈ ನೋವು, ಸುಸ್ತು ಅಂತಲೇ ಬರುತ್ತಾರೆ. ಥೈರಾಯ್ಡ್ ಪರೀಕ್ಷೆ ಆಗಿದೆಯಾ, ಕುಡಿತ ಇದೆಯಾ ಕೇಳಿ, ಅವುಗಳಿಂದಲೂ ಇಂಥದ್ದೇ ಲಕ್ಷಣ ಬರಬಹುದು.

ವಿದ್ಯಾರ್ಥಿಗಳು ಸುಲಭವಾಗಿ ಬಿಟ್ಟುಬಿಡುವ ಪ್ರಶ್ನೆ ಇನ್ನೊಂದಿದೆ: ಹಿಂದೆ ಯಾವಾಗಾದರೂ ನಿದ್ದೆ ಕಡಿಮೆಯಾದರೂ ಸುಸ್ತಾಗದೆ, ದಿನಗಟ್ಟಲೆ ವಿಪರೀತ ಹುರುಪಿನಲ್ಲಿ ಇದ್ದಿರಾ? ಹೌದು ಅಂದರೆ ಬೈಪೋಲಾರ್ (ಒಮ್ಮೆ ಖಿನ್ನತೆ, ಒಮ್ಮೆ ಉನ್ಮಾದ ಅಂದರೆ ಇಂಥ ವಿಪರೀತ ಹುರುಪು ಬರುವ ಕಾಯಿಲೆ) ಇರಬಹುದು, ಮನೋವೈದ್ಯರೇ ನೋಡಬೇಕು. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಿಗೆ ಉನ್ಮಾದ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಇದೆ, ಕಳಿಸಲು ಹಿಂಜರಿಯಬೇಡಿ.

ಸಾಯುವ ಯೋಚನೆ ಇದೆಯಾ ಅಂತ ಮೊದಲ ದಿನವೇ ನೇರವಾಗಿ ಕೇಳಿ. ಕೇಳಿದ್ದಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟಿರಿ.

ಚಿಕಿತ್ಸೆಯ ಗುರಿ ಅಳೆಯುವಂತಿರಲಿ. ಸುಮ್ನೆ ‘ಖುಷಿಯಾಗಿರಬೇಕು’ ಅಂತ ಬರೆಯಬೇಡಿ. ‘ವಾರಕ್ಕೆ 3 ದಿನ ಲಾಲ್‌ಬಾಗ್‌ನಲ್ಲಿ ನಡೆಯುವುದು’ ಅಂತ ಬರೆಯಿರಿ. ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ 9 ಪ್ರಶ್ನೆಗಳ ಪಟ್ಟಿ) ಆಗಾಗ ತುಂಬಿಸಿ ನೋಡಿ, ಅಂಕ ಇಳಿಯದಿದ್ದರೆ ಪ್ಲಾನ್ ಬದಲಿಸಿ.

ಅಂದಹಾಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಐಸಿಡಿಯನ್ನೂ ಓದಿಕೊಳ್ಳಿ. ಕಾಯಿಲೆ ಗುರುತಿಸಲು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೆಸರಿಸುವುದು ಅದನ್ನೇ.